ಶಾಲೆಯಲ್ಲಿ ಡಿಜಿಟಲ್ ಪೌರತ್ವದ ಪಾಠ: ನಮ್ಮ ಮಕ್ಕಳಿಗೆ ಯಾವ ಮಾರ್ಗ ಹೊಂದುತ್ತದೆ?

ಅಂತರ್ಜಾಲದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಕ್ಕಳಿಗೆ ಶಾಲೆಯಲ್ಲಿಯೇ ಕಲಿಸಬೇಕು ಎಂಬ ವಿಷಯದಲ್ಲಿ ಈಗ ಶಿಕ್ಷಕರ ನಡುವೆ ಹೆಚ್ಚಿನ ಭಿನ್ನಾಭಿಪ್ರಾಯ ಉಳಿದಿಲ್ಲ. ಯಾರು ಕಲಿಸಬೇಕು, ಯಾವ ಪಠ್ಯವನ್ನು ಇಟ್ಟುಕೊಳ್ಳಬೇಕು, ಈಗಾಗಲೇ ತುಂಬಿ ತುಳುಕುತ್ತಿರುವ ವೇಳಾಪಟ್ಟಿಯಲ್ಲಿ ಅದಕ್ಕೆ ಎಲ್ಲಿ ಜಾಗ ಮಾಡಬೇಕು ಎಂಬ ಪ್ರಶ್ನೆಗಳು ಬಂದಾಗ ಮಾತ್ರ ಮುಖ್ಯ ಶಿಕ್ಷಕರು ತಡವರಿಸುತ್ತಾರೆ. ಪೊಲೀಸ್ ಅಧಿಕಾರಿಯೊಬ್ಬರನ್ನು ಕರೆಸಿ ಒಂದು ಉಪನ್ಯಾಸ ಏರ್ಪಡಿಸುವುದು, ವಿದೇಶಿ ಸಂಸ್ಥೆಗಳು ಉಚಿತವಾಗಿ ಕೊಡುವ ಸಿದ್ಧ ಪಾಠಗಳನ್ನು ಬಳಸುವುದು, ಕೇಂದ್ರ ಸರ್ಕಾರ ಮತ್ತು ಸಿಬಿಎಸ್‌ಇ ಪ್ರಕಟಿಸಿರುವ ಕೈಪಿಡಿಗಳನ್ನು ಓದಿಸುವುದು, ಕನ್ನಡ, ಗಣಿತ, ಸಮಾಜ ವಿಜ್ಞಾನದಂತಹ ವಿಷಯಗಳೊಳಗೇ ಈ ಪಾಠವನ್ನು ಬೆರೆಸುವುದು, ಮಕ್ಕಳದೇ ಒಂದು ಸಂಘ ಕಟ್ಟುವುದು ಎಂಬಿಷ್ಟು ದಾರಿಗಳು ನಮ್ಮ ಮುಂದಿವೆ. ಕರ್ನಾಟಕದ ಹಿರಿಯ ಪ್ರಾಥಮಿಕ ಶಾಲೆ ಮತ್ತು ಪ್ರೌಢಶಾಲೆಗಳ ಶಿಕ್ಷಕರು ಹಾಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಇವುಗಳಲ್ಲಿ ತಮಗೆ ಹೊಂದುವುದನ್ನು ಆರಿಸಿಕೊಳ್ಳಲು ನೆರವಾಗಲೆಂದು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪಠ್ಯದ ಗುಣಮಟ್ಟಕ್ಕಿಂತಲೂ, ಅದನ್ನು ಕಲಿಸಿದವರು ಮರುದಿನವೂ ಮಗುವಿನ ಕೈಗೆ ಸಿಗುತ್ತಾರೆಯೇ ಎಂಬುದು ಹೆಚ್ಚು ಮುಖ್ಯವೆಂದು ನಾನು ಭಾವಿಸುತ್ತೇನೆ. ಮೊಬೈಲಿನಲ್ಲಿ ಏನೋ ಎಡವಟ್ಟಾದಾಗ ಮಗು ಅಂಜದೆ ಬಂದು ಹೇಳಿಕೊಳ್ಳಬಲ್ಲ ಒಬ್ಬ ಹಿರಿಯರು ಶಾಲೆಯಲ್ಲಿರಬೇಕು. ಅಂತಹ ನಂಬಿಕೆಯನ್ನು ಬೆಳೆಸುವ ದಾರಿ ಯಾವುದೋ ಅದೇ ಉತ್ತಮವಾದ ದಾರಿ. ಮುಂದಿನ ಹೋಲಿಕೆಯೆಲ್ಲ ಈ ಅಳತೆಗೋಲಿನಿಂದಲೇ ನಡೆದಿದೆ.

ಆಯ್ಕೆಗೆ ಮುನ್ನ: ಮಗುವಿನ ಕೈಯಲ್ಲಿರುವುದು ಯಾರ ಫೋನ್?

ಸುರಕ್ಷತೆ ಮತ್ತು ಪೌರತ್ವ ಎರಡೂ ಒಂದೇ ಅಲ್ಲ. ಓಟಿಪಿ ಹೇಳಬೇಡ, ಅಪರಿಚಿತರೊಡನೆ ಮಾತಾಡಬೇಡ, ಸಿಕ್ಕ ಲಿಂಕನ್ನೆಲ್ಲ ಒತ್ತಬೇಡ ಎಂಬುದು ಸುರಕ್ಷತೆಯ ಪಾಠ. ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಹಪಾಠಿಯೊಬ್ಬಳನ್ನು ಎಲ್ಲರೂ ಗೇಲಿ ಮಾಡುತ್ತಿರುವಾಗ ನಾನು ಏನು ಮಾಡಬೇಕು, ಊರಿನ ಗ್ರೂಪಿಗೆ ಬಂದ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮುನ್ನ ನನ್ನ ಹೊಣೆ ಏನು, ಬೇರೆಯವರ ಫೋಟೊ ನನ್ನ ಫೋನಿನಲ್ಲಿದ್ದರೆ ಅದರ ಮೇಲೆ ನನಗೆಷ್ಟು ಹಕ್ಕಿದೆ ಎಂಬುದು ಪೌರತ್ವದ ಪಾಠ. ನಮ್ಮಲ್ಲಿ ಸಿಗುವ ಬಹುಪಾಲು ಸಾಮಗ್ರಿ ಮೊದಲನೆಯದರಲ್ಲಿ ಗಟ್ಟಿಯಾಗಿದೆ, ಎರಡನೆಯದರಲ್ಲಿ ತೆಳುವಾಗಿದೆ.

ವಿದೇಶದಲ್ಲಿ ಸಿದ್ಧವಾದ ಪಾಠಗಳು ಪ್ರತಿ ಮಗುವಿಗೂ ತನ್ನದೇ ಸಾಧನ ಮತ್ತು ತನ್ನದೇ ಖಾತೆ ಇದೆ ಎಂದು ಬಹುಮಟ್ಟಿಗೆ ಭಾವಿಸಿಕೊಂಡಿವೆ. ನಮ್ಮ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಅನೇಕ ಮನೆಗಳಲ್ಲಿ ಫೋನ್ ಅಪ್ಪನದು ಅಥವಾ ಅಣ್ಣನದು. ಸಂಜೆ ಕೆಲಸದಿಂದ ಬಂದ ಮೇಲೆ ಅದು ಮಕ್ಕಳ ಕೈಗೆ ಬರುತ್ತದೆ. ಅದರಲ್ಲಿ ಹಣ ಕಳಿಸುವ ಆ್ಯಪ್ ಇದೆ, ಅಣ್ಣನ ಇನ್‌ಸ್ಟಾಗ್ರಾಂ ಖಾತೆ ತೆರೆದೇ ಇದೆ, ಊರಿನ ಹತ್ತಾರು ಗ್ರೂಪುಗಳಿವೆ. ಹೆಣ್ಣು ಮಗುವೊಂದು ಆ ಫೋನಿನಲ್ಲಿ ಗೆಳತಿಗೆ ಕಳಿಸಿದ ಸಂದೇಶವನ್ನು ಮನೆಯ ಯಾರು ಬೇಕಾದರೂ ಓದಬಹುದು. ಹಂಚಿಕೊಂಡ ಫೋನಿನಲ್ಲಿ ಖಾಸಗಿತನ ಎಂದರೇನು, ಬೇರೊಬ್ಬರ ಖಾತೆ ತೆರೆದಿರುವುದು ಕಂಡಾಗ ಏನು ಮಾಡಬೇಕು, ಆಟವಾಡುತ್ತಿರುವಾಗ ಹಣ ಕೇಳುವ ಪರದೆ ಬಂದರೆ ಯಾರನ್ನು ಕೇಳಬೇಕು ಎಂಬ ಪಾಠಗಳನ್ನು ನಾವೇ ಕಟ್ಟಿಕೊಳ್ಳಬೇಕಾಗುತ್ತದೆ. ಆದ್ದರಿಂದ ಯಾವ ಪಠ್ಯವನ್ನೂ ಆರಿಸುವ ಮೊದಲು ತರಗತಿ ಶಿಕ್ಷಕರು ಹೆಸರು ಬರೆಸದೆ ಒಂದು ಚೀಟಿ ತುಂಬಿಸಿಕೊಳ್ಳುವುದು ಉಪಯುಕ್ತ: ಮನೆಯಲ್ಲಿ ಬಳಸುವ ಫೋನ್ ಯಾರದು, ಯಾವ ಹೊತ್ತಿನಲ್ಲಿ ಸಿಗುತ್ತದೆ, ಹೆಚ್ಚಾಗಿ ಯಾವ ಆ್ಯಪ್ ಬಳಸುವಿರಿ, ಬೇಸರವಾಗುವಂಥದ್ದು ಏನಾದರೂ ಕಂಡಿದೆಯೇ, ಕಂಡಾಗ ಯಾರಿಗೆ ಹೇಳಿದಿರಿ. ಈ ಐದು ಉತ್ತರಗಳಿದ್ದರೆ ಅರ್ಧ ಆಯ್ಕೆ ಆದಂತೆಯೇ.

ಒಂದು ದಿನದ ಉಪನ್ಯಾಸ

ಹೆಚ್ಚಿನ ಶಾಲೆಗಳು ಮೊದಲು ಹಿಡಿಯುವ ದಾರಿ ಇದು, ಏಕೆಂದರೆ ಇದು ಸುಲಭ. ಕರ್ನಾಟಕದ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗಾಗಿಯೇ ಸಿಇಎನ್ ಪೊಲೀಸ್ ಠಾಣೆಗಳಿವೆ, ಅಲ್ಲಿಯ ಸಿಬ್ಬಂದಿಯನ್ನು ಶಾಲೆಗೆ ಆಹ್ವಾನಿಸಬಹುದು. ಮಕ್ಕಳನ್ನೇ ಠಾಣೆಗೆ ಕರೆದೊಯ್ದು ಅಲ್ಲಿಯ ಕೆಲಸವನ್ನು ಪರಿಚಯಿಸುವ ‘ತೆರೆದ ಮನೆ’ ಕಾರ್ಯಕ್ರಮವೂ ನಮ್ಮ ರಾಜ್ಯದಲ್ಲಿದೆ. ಕಾನೂನಿನ ಮಾತು ಪೊಲೀಸರ ಬಾಯಿಂದ ಬಂದಾಗ ಮಕ್ಕಳು ಗಮನವಿಟ್ಟು ಕೇಳುತ್ತಾರೆ. ಹಣ ಕಳೆದುಕೊಂಡ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡುವುದು ಏಕೆ ಅಗತ್ಯ, ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಎಷ್ಟು ಬೇಗ ಜಾರುತ್ತದೆ ಎಂಬುದನ್ನು ದಿನನಿತ್ಯ ಅದೇ ಕೆಲಸ ಮಾಡುವವರಷ್ಟು ಚೆನ್ನಾಗಿ ಬೇರೆ ಯಾರೂ ವಿವರಿಸಲಾರರು.

ಆದರೆ ಮುನ್ನೂರು ಮಕ್ಕಳನ್ನು ಅಂಗಳದಲ್ಲಿ ಕೂರಿಸಿ ಭಯಾನಕ ಪ್ರಕರಣಗಳನ್ನು ಹೇಳುವ ಭಾಷಣದಿಂದ ನಡವಳಿಕೆ ಬದಲಾಗುತ್ತದೆಂದು ನಂಬಲು ಆಧಾರ ಕಡಿಮೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಮೇಲಿನ ಅಪರಾಧಗಳನ್ನು ಅಧ್ಯಯನ ಮಾಡುವ ಕೇಂದ್ರವೊಂದಿದೆ. ಒಮ್ಮೆ ನಡೆದು ಮುಗಿಯುವ, ಹೆದರಿಕೆಯನ್ನೇ ನೆಚ್ಚಿಕೊಂಡ ಕಾರ್ಯಕ್ರಮಗಳಿಗಿಂತ ಕೌಶಲವನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುವ ಪಾಠಗಳೇ ಬೇಕೆಂದು ಅಲ್ಲಿಯ ಸಂಶೋಧಕರು ಹಲವು ವರ್ಷಗಳಿಂದ ವಾದಿಸುತ್ತ ಬಂದಿದ್ದಾರೆ. ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿದೆ. ಆ ಸಭೆಯಲ್ಲಿ ಕುಳಿತ ಯಾವುದೋ ಮಗು ಈಗಾಗಲೇ ಯಾರಿಗೋ ತನ್ನ ಫೋಟೊ ಕಳಿಸಿ ಬೆದರಿಕೆಗೆ ಒಳಗಾಗಿರಬಹುದು. ‘ಹೀಗೆ ಮಾಡಿದವರ ಬದುಕು ಹಾಳಾಯಿತು’ ಎಂಬ ಮಾತು ಆ ಮಗುವಿನ ಬಾಯನ್ನು ಶಾಶ್ವತವಾಗಿ ಮುಚ್ಚಿಸಿಬಿಡುತ್ತದೆ.

ಆದ್ದರಿಂದ ಉಪನ್ಯಾಸವನ್ನು ಬಿಡಬೇಕೆಂದಲ್ಲ, ಅದನ್ನು ವರ್ಷದ ಮೊದಲ ಕಾರ್ಯಕ್ರಮವಾಗಿಸದೆ ಮೂರನೆಯದೋ ನಾಲ್ಕನೆಯದೋ ಆಗಿಸಬೇಕು. ಮಕ್ಕಳು ಮೊದಲೇ ಬರೆದು ಪೆಟ್ಟಿಗೆಯಲ್ಲಿ ಹಾಕಿದ ಪ್ರಶ್ನೆಗಳನ್ನು ಬರುವ ಅಧಿಕಾರಿಗೆ ಮುಂಚಿತವಾಗಿ ಕೊಡಬೇಕು. ಇಡೀ ಶಾಲೆಗೆ ಬದಲು ಒಂದೆರಡು ತರಗತಿಗಳಿಗೆ ಸೀಮಿತಗೊಳಿಸಿ, ದೂರು ಕೊಟ್ಟ ಮೇಲೆ ಏನೇನು ನಡೆಯುತ್ತದೆ ಎಂಬುದನ್ನೇ ಮುಖ್ಯವಾಗಿ ವಿವರಿಸುವಂತೆ ಕೇಳಿಕೊಳ್ಳಬೇಕು.

ಸಿದ್ಧ ಪಠ್ಯಗಳು: ವಿದೇಶದವು ಮತ್ತು ನಮ್ಮವು

ಅಮೆರಿಕದ ಕಾಮನ್ ಸೆನ್ಸ್ ಎಜುಕೇಶನ್ ಸಂಸ್ಥೆಯು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಜೀರೊ ತಂಡದೊಂದಿಗೆ ಸೇರಿ ರೂಪಿಸಿದ ಪಾಠಕ್ರಮ ಈ ಕ್ಷೇತ್ರದಲ್ಲಿ ಹೆಚ್ಚು ಹೆಸರಾದುದು. ಶಿಶುವಿಹಾರದಿಂದ 12ನೆಯ ತರಗತಿಯವರೆಗೆ ಉಚಿತವಾಗಿ ಸಿಗುವ ಈ ಪಾಠಕ್ರಮವು ಪರದೆಯ ಮುಂದಿನ ಸಮಯದ ಸಮತೋಲನ, ಖಾಸಗಿತನ ಮತ್ತು ಭದ್ರತೆ, ನಾವು ಬಿಟ್ಟುಹೋಗುವ ಡಿಜಿಟಲ್ ಹೆಜ್ಜೆಗುರುತು, ಸಂಬಂಧ ಮತ್ತು ಸಂವಹನ, ಆನ್‌ಲೈನ್ ಕಿರುಕುಳ ಮತ್ತು ದ್ವೇಷದ ಮಾತು, ಸುದ್ದಿಯನ್ನು ಓದುವ ವಿವೇಕ ಎಂಬ ಆರು ವಿಷಯಗಳ ಸುತ್ತ ಬೆಳೆದಿದೆ. ಇದರ ಬಲವಿರುವುದು ಸಂದಿಗ್ಧಗಳಲ್ಲಿ. ಸರಿಯಾದ ಉತ್ತರವನ್ನು ಮೊದಲೇ ಹೇಳಿಕೊಡದೆ ಒಂದು ಸನ್ನಿವೇಶವನ್ನು ಮುಂದಿಟ್ಟು, ಅದರಲ್ಲಿ ಯಾರಿಗೆ ಏನು ಅನ್ನಿಸುತ್ತಿರಬಹುದು, ಯಾವ ಯಾವ ದಾರಿಗಳಿವೆ, ಒಂದೊಂದರ ಫಲವೇನು ಎಂದು ಮಕ್ಕಳೇ ಚರ್ಚಿಸುವಂತೆ ಮಾಡುತ್ತದೆ.

ಇದರ ಪಾಠಗಳು ಬಹುತೇಕ ಇಂಗ್ಲಿಷಿನಲ್ಲಿವೆ, ಸನ್ನಿವೇಶಗಳು ಅಮೆರಿಕದವು. ಇವನ್ನು ಪದಶಃ ಕನ್ನಡಕ್ಕೆ ತಂದರೆ ಮಕ್ಕಳಿಗೆ ಪರಕೀಯವಾಗಿಯೇ ಉಳಿಯುತ್ತವೆ. ಪಾಠದ ಎಲುಬನ್ನಷ್ಟೇ ತೆಗೆದುಕೊಂಡು ಸನ್ನಿವೇಶವನ್ನು ಹೊಸದಾಗಿ ಕಟ್ಟಬೇಕು. ಉದಾಹರಣೆಗೆ: ಶಾಲಾ ವಾರ್ಷಿಕೋತ್ಸವದಲ್ಲಿ ನೃತ್ಯ ಮಾಡುತ್ತಿದ್ದಾಗ ಜಾರಿಬಿದ್ದ ಒಂಬತ್ತನೆಯ ತರಗತಿಯ ಹುಡುಗನ ಫೋಟೊವನ್ನು ಯಾರೋ ಸ್ಟಿಕ್ಕರ್ ಮಾಡಿ ತರಗತಿಯ ಗ್ರೂಪಿಗೆ ಹಾಕಿದ್ದಾರೆ, ಎಲ್ಲರೂ ನಗುವ ಇಮೋಜಿ ಕಳಿಸಿದ್ದಾರೆ, ಆ ಹುಡುಗನೂ ಒಂದು ನಗುವನ್ನೇ ಕಳಿಸಿ ಮರುದಿನ ಶಾಲೆಗೆ ಬಂದಿಲ್ಲ. ಸ್ಟಿಕ್ಕರ್ ಮಾಡಿದವನು, ಫಾರ್ವರ್ಡ್ ಮಾಡಿದವಳು, ನಕ್ಕವರು, ನೋಡಿ ಸುಮ್ಮನಿದ್ದವರು, ಗ್ರೂಪಿನ ಅಡ್ಮಿನ್, ಈ ಒಬ್ಬೊಬ್ಬರ ಹೊಣೆಯೂ ಎಷ್ಟು? ಆ ಹುಡುಗ ಕಳಿಸಿದ ನಗುವಿನ ಅರ್ಥವೇನು? ಇಂತಹ ಚರ್ಚೆಗೆ ಕಂಪ್ಯೂಟರ್ ಬೇಡ, ಇಂಟರ್‌ನೆಟ್ ಬೇಡ, ಒಂದು ಕಪ್ಪುಹಲಗೆ ಮತ್ತು ನಲವತ್ತು ನಿಮಿಷ ಸಾಕು. ಕಂಪ್ಯೂಟರ್ ಕೊಠಡಿ ಇಲ್ಲದ್ದರಿಂದ ನಮ್ಮಲ್ಲಿ ಈ ಪಾಠ ಸಾಧ್ಯವಿಲ್ಲ ಎನ್ನುವ ಶಾಲೆಗಳು ಇದನ್ನು ದಯವಿಟ್ಟು ಗಮನಿಸಬೇಕು.

ಗೂಗಲ್ ಕಂಪನಿಯ ‘ಬಿ ಇಂಟರ್‌ನೆಟ್ ಆಸಮ್’ ಎಂಬ ಮಕ್ಕಳ ಸುರಕ್ಷತೆಯ ಕಾರ್ಯಕ್ರಮ 2017ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. 2021ರಲ್ಲಿ ಭಾರತಕ್ಕೆ ಬಂದಾಗ ಅಮರ ಚಿತ್ರಕಥೆಯೊಂದಿಗೆ ಸೇರಿ ಅದರ ಚಿತ್ರಕಥೆಗಳನ್ನೂ ಹೊರತರಲಾಯಿತು. ಎಚ್ಚರಿಕೆಯಿಂದ ಹಂಚಿಕೊಳ್ಳುವುದು, ನಕಲಿಯನ್ನು ಗುರುತಿಸುವುದು, ಗುಟ್ಟುಗಳನ್ನು ಕಾಪಾಡುವುದು, ಕರುಣೆಯಿಂದ ವರ್ತಿಸುವುದು, ಅನುಮಾನವಿದ್ದರೆ ಹಿರಿಯರೊಡನೆ ಮಾತಾಡುವುದು ಎಂಬ ಐದು ಸೂತ್ರಗಳನ್ನು ‘ಇಂಟರ್‌ಲ್ಯಾಂಡ್’ ಎಂಬ ಆಟದ ಮೂಲಕ ಕಲಿಸುವ ಇದು ನಾಲ್ಕರಿಂದ ಏಳನೆಯ ತರಗತಿಯ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಅದರ ಮಿತಿ ಅದರ ಮೂಲದಲ್ಲಿಯೇ ಇದೆ. ಕೆಟ್ಟವರಿಂದ ಹೇಗೆ ಪಾರಾಗಬೇಕೆಂದು ಅದು ಚೆನ್ನಾಗಿ ಹೇಳುತ್ತದೆ. ಆದರೆ ನಾವು ದಿನವೂ ಬಳಸುವ ಕಂಪನಿಗಳೇ ನಮ್ಮ ಬಗ್ಗೆ ಏನನ್ನು ಸಂಗ್ರಹಿಸುತ್ತವೆ, ಜಾಹೀರಾತು ಹೇಗೆ ನಮ್ಮನ್ನು ಹುಡುಕಿಕೊಂಡು ಬರುತ್ತದೆ, ಒಂದು ವಿಡಿಯೊ ಮುಗಿಯುತ್ತಲೇ ಇನ್ನೊಂದು ಏಕೆ ತಾನಾಗಿಯೇ ಆರಂಭವಾಗುತ್ತದೆ ಎಂಬ ಪ್ರಶ್ನೆಗಳನ್ನು ಅದು ಅಷ್ಟಾಗಿ ಎತ್ತುವುದಿಲ್ಲ. ಆಟವನ್ನು ಬಳಸಿಕೊಳ್ಳಿ, ಈ ಪ್ರಶ್ನೆಗಳನ್ನು ನೀವು ಸೇರಿಸಿ. ಪೌರತ್ವ ಎಂಬ ಹೆಸರಿಗೆ ತಕ್ಕ ಪಾಠದಲ್ಲಿ ಬಲಶಾಲಿಗಳನ್ನು ಪ್ರಶ್ನಿಸುವುದೂ ಇರಬೇಕು.

ನಮ್ಮ ದೇಶದ ಸಾಮಗ್ರಿಯೂ ಕಡಿಮೆಯೇನಿಲ್ಲ. ಕೇಂದ್ರ ಗೃಹ ಸಚಿವಾಲಯ 2018ರಲ್ಲಿ ಹದಿಹರೆಯದವರಿಗಾಗಿ ಸೈಬರ್ ಸುರಕ್ಷತೆಯ ಕೈಪಿಡಿ ತಂದಿತು. 2020ರಲ್ಲಿ ಸಿಬಿಎಸ್‌ಇ ಮಂಡಳಿಯು ಸೈಬರ್‌ಪೀಸ್ ಫೌಂಡೇಶನ್ ಜೊತೆಗೂಡಿ ಪ್ರೌಢ ಮತ್ತು ಹಿರಿಯ ಪ್ರೌಢ ತರಗತಿಗಳ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿ ಪ್ರಕಟಿಸಿತು. ಅದೇ ವರ್ಷ ಕೋವಿಡ್ ಕಾಲದ ಆನ್‌ಲೈನ್ ಕಲಿಕೆಯ ಸುರಕ್ಷತೆಯ ಬಗ್ಗೆ ಎನ್‌ಸಿಇಆರ್‌ಟಿ ಮತ್ತು ಯುನೆಸ್ಕೊ ಒಂದು ಕಿರುಹೊತ್ತಗೆ ಹೊರತಂದವು. ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯದ ಜಾಗೃತಿ ಯೋಜನೆಯಡಿ ಸಿ-ಡಾಕ್ ಸಂಸ್ಥೆ ಸಿದ್ಧಪಡಿಸುವ ಭಿತ್ತಿಪತ್ರ, ವಿಡಿಯೊಗಳು ಭಾರತೀಯ ಭಾಷೆಗಳಲ್ಲಿಯೂ ದೊರೆಯುತ್ತವೆ. ಇವುಗಳ ಹಿರಿಮೆ ನಮ್ಮ ಕಾನೂನು, ನಮ್ಮ ಸಹಾಯವಾಣಿ, ನಮ್ಮಲ್ಲಿ ನಡೆಯುವ ಮೋಸದ ಬಗೆಗಳು ಅವುಗಳಲ್ಲಿ ಸರಿಯಾಗಿ ಇರುವುದರಲ್ಲಿದೆ. ಕೊರತೆ ಎಂದರೆ ಅವು ಓದಿಸುವ ಪುಸ್ತಕಗಳು, ಮಾಡಿಸುವ ಪಾಠಗಳಲ್ಲ. ಶಿಕ್ಷಕರ ಕೈಯಲ್ಲಿ ಆಧಾರ ಗ್ರಂಥಗಳಾಗಿ ಇವು ಇರಲೇಬೇಕು. ಮಕ್ಕಳಿಗೆ ಹಂಚಿ ಸಹಿ ಹಾಕಿಸಿಕೊಂಡರೆ ಕೆಲಸ ಮುಗಿಯಿತೆಂದು ತಿಳಿಯಬಾರದು.

ಎನ್‌ಸಿಇಆರ್‌ಟಿಯ 11ನೆಯ ತರಗತಿಯ ಗಣಕ ವಿಜ್ಞಾನ ಪುಸ್ತಕದಲ್ಲಿ ತಂತ್ರಜ್ಞಾನದ ಸಾಮಾಜಿಕ ಪರಿಣಾಮಗಳ ಕುರಿತು ಒಂದು ಒಳ್ಳೆಯ ಅಧ್ಯಾಯವೇ ಇದೆ. ಡಿಜಿಟಲ್ ಹೆಜ್ಜೆಗುರುತು, ಆನ್‌ಲೈನ್ ಶಿಷ್ಟಾಚಾರ, ಕೃತಿಸ್ವಾಮ್ಯ, ಸೈಬರ್ ಅಪರಾಧ, ಇ-ತ್ಯಾಜ್ಯ ಎಲ್ಲವೂ ಅಲ್ಲಿ ಬರುತ್ತವೆ. ಆದರೆ ಫೋನ್ ಹಿಡಿದು ಎಷ್ಟೋ ವರ್ಷಗಳಾದ ಮೇಲೆ, ಅದೂ ಗಣಕ ವಿಜ್ಞಾನ ಆರಿಸಿಕೊಂಡ ಕೆಲವರಿಗೆ ಮಾತ್ರ ಅದು ಸಿಗುತ್ತದೆ. ಆರು ಮತ್ತು ಏಳನೆಯ ತರಗತಿಯೇ ಇದಕ್ಕೆ ಸರಿಯಾದ ಕಾಲ. ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ 13 ವರ್ಷದ ಕನಿಷ್ಠ ವಯಸ್ಸನ್ನು ವಿಧಿಸಿವೆ. ಆ ಹೊಸ್ತಿಲನ್ನು ಮಕ್ಕಳು ದಾಟುವ ಮುನ್ನವೇ ಪಾಠ ಆಗಿರಬೇಕು.

ಪ್ರತ್ಯೇಕ ಅವಧಿಯೇ, ವಿಷಯಗಳೊಳಗೇ?

ಈ ಪ್ರಶ್ನೆಗೆ ನಾನು ಹೆಚ್ಚು ಜಾಗ ಕೊಡುತ್ತೇನೆ. ಪ್ರತ್ಯೇಕ ಅವಧಿಯೆಂದರೆ ಹೊಣೆ ಯಾರದೆಂದು ಸ್ಪಷ್ಟವಾಗಿರುತ್ತದೆ. ಆದರೆ ಪರೀಕ್ಷೆ ಹತ್ತಿರವಾದಂತೆ ಮೊದಲು ಬಲಿಯಾಗುವುದೂ ಅದೇ ಅವಧಿ. ವಿಷಯಗಳೊಳಗೆ ಬೆರೆಸಿದರೆ ಪಾಠ ಉಳಿಯುತ್ತದೆ, ಯಾರೂ ಹೊಣೆ ಹೊರದೆ ಅದು ಕರಗಿಹೋಗುವ ಅಪಾಯವೂ ಇರುತ್ತದೆ. ಫಿನ್ಲೆಂಡ್ ದೇಶವು 2016ರಲ್ಲಿ ಜಾರಿಗೆ ತಂದ ಪಠ್ಯಕ್ರಮದಲ್ಲಿ ಬಹುಬಗೆಯ ಪಠ್ಯಗಳನ್ನು ವಿಮರ್ಶಿಸಿ ಓದುವ ಸಾಮರ್ಥ್ಯವನ್ನು ಎಲ್ಲ ವಿಷಯಗಳ ಶಿಕ್ಷಕರ ಹೊಣೆಯೆಂದೇ ಮಾಡಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ, ಲಸಿಕೆಯ ಬಗೆಗಿನ ವಾಟ್ಸ್‌ಆ್ಯಪ್ ವದಂತಿಗಳಿಂದ ಬೇಸತ್ತ ಜಿಲ್ಲಾಡಳಿತವು 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ತರಗತಿಗಳನ್ನು ನಡೆಸಿತು. ಅದೇ ಹೆಸರಿನ ತರಬೇತಿಯನ್ನು ಕೇರಳದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ 2022ರಲ್ಲಿ ರಾಜ್ಯದ ಲಕ್ಷಾಂತರ ವಿದ್ಯಾರ್ಥಿಗಳಿಗೆ ತಲುಪಿಸಿತು. ಅಲ್ಲಿಯ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಪುಸ್ತಕಗಳಲ್ಲಿ ಈಗ ಸುದ್ದಿ ಪರಿಶೀಲನೆಯೂ ಸೇರಿದೆ. ನಮ್ಮ ಶಿಕ್ಷಕರಿಗೆ ನೇರವಾಗಿ ಉಪಯೋಗವಾಗುವ ಸಂಗತಿಯೆಂದರೆ, ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಕೇರಳ ಸರ್ಕಾರ ಐಸಿಟಿ ಪಠ್ಯವನ್ನು ಕನ್ನಡದಲ್ಲಿಯೂ ಪ್ರಕಟಿಸುತ್ತದೆ. ಗಡಿಯಾಚೆಯ ಆ ಕನ್ನಡ ಪುಸ್ತಕಗಳನ್ನು ಗಡಿಯೀಚೆಯ ನಾವು ಒಮ್ಮೆ ತೆರೆದು ನೋಡಲೇಬೇಕು.

ನಮ್ಮ ವೇಳಾಪಟ್ಟಿಯನ್ನು ಬದಲಿಸದೆಯೇ ಮಾಡಬಹುದಾದ ಕೆಲಸ ಬಹಳಷ್ಟಿದೆ. ಘಾತಾಂಕಗಳ ಪಾಠದಲ್ಲಿ ಒಂದು ವದಂತಿಯನ್ನು ಒಬ್ಬರು ಐವರಿಗೆ, ಆ ಐವರಲ್ಲಿ ಪ್ರತಿಯೊಬ್ಬರೂ ಹೊಸ ಐವರಿಗೆ ಕಳಿಸುತ್ತ ಹೋದರೆ ಐದನೆಯ ಸುತ್ತಿನಲ್ಲಿ 3,125 ಮಂದಿಗೆ, ಎಂಟನೆಯ ಸುತ್ತಿನಲ್ಲಿ 3,90,625 ಮಂದಿಗೆ ತಲುಪುತ್ತದೆಂದು ಮಕ್ಕಳೇ ಲೆಕ್ಕ ಹಾಕಲಿ. ನಾಲ್ಕಂಕಿಯ ಪಿನ್‌ಗೆ 10,000 ಸಾಧ್ಯತೆಗಳಿದ್ದರೆ, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಎಂಟಕ್ಷರದ ಪಾಸ್‌ವರ್ಡಿಗೆ ಸುಮಾರು 20,880 ಕೋಟಿ ಸಾಧ್ಯತೆಗಳಿವೆ ಎಂಬ ಲೆಕ್ಕವನ್ನು ಮಾಡಿದ ಮಗುವಿಗೆ ಉದ್ದ ಪಾಸ್‌ವರ್ಡ್ ಏಕೆ ಬೇಕೆಂದು ಮತ್ತೆ ಉಪದೇಶಿಸುವ ಅಗತ್ಯವಿರುವುದಿಲ್ಲ.

ಸಮಾಜ ವಿಜ್ಞಾನದಲ್ಲಿ ಮೂಲಭೂತ ಹಕ್ಕುಗಳ ಅಧ್ಯಾಯವೇ ಇದಕ್ಕೆ ತಕ್ಕ ಜಾಗ. ಖಾಸಗಿತನವು ಸಂವಿಧಾನ ರಕ್ಷಿಸುವ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ನಾಡಿನ ಹಿರಿಯರೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ದೊರೆತ ಈ ಹಕ್ಕನ್ನು ನಮ್ಮ ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಡಬಹುದು. ಅದರ ಜೊತೆಗೇ, ಆನ್‌ಲೈನ್ ಅಭಿಪ್ರಾಯಕ್ಕಾಗಿ ಜನರನ್ನು ಬಂಧಿಸಲು ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಎ ಕಲಮನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದನ್ನು ಹೇಳಿದರೆ, ಅಂತರ್ಜಾಲದಲ್ಲಿ ನಮಗೆ ನಿಷೇಧಗಳಷ್ಟೇ ಅಲ್ಲ, ಹಕ್ಕುಗಳೂ ಇವೆ ಎಂಬುದು ಮಕ್ಕಳಿಗೆ ತಿಳಿಯುತ್ತದೆ.

ವದಂತಿಯ ಪಾಠಕ್ಕೆ ಬೇರೆ ದೇಶದ ಉದಾಹರಣೆ ಬೇಕಿಲ್ಲವೆಂಬುದು ದುಃಖದ ಸಂಗತಿ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ವದಂತಿ ವಾಟ್ಸ್‌ಆ್ಯಪಿನಲ್ಲಿ ಹರಡಿ, ಹೈದರಾಬಾದಿನಿಂದ ಬಂದಿದ್ದ ನಿರಪರಾಧಿ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ದೇಶದ ನಾನಾ ಕಡೆ ಇಂತಹ ಕೊಲೆಗಳು ನಡೆದ ಆ ತಿಂಗಳಲ್ಲಿಯೇ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದಾದ ಮಿತಿಯನ್ನು ಪ್ರಕಟಿಸಿತು. ಈ ಘಟನೆಯನ್ನು ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಗಾಂಭೀರ್ಯದಿಂದ ಚರ್ಚಿಸಬೇಕು. ಮೃತನ ಮನೆಯವರ ಘನತೆಗೆ ಕುಂದು ಬರದಂತೆ, ವಿಡಿಯೊಗಳನ್ನು ಯಾವ ಕಾರಣಕ್ಕೂ ತೋರಿಸದೆ, ‘ಆ ಸಂದೇಶ ನಿನ್ನ ಫೋನಿಗೆ ಬಂದಿದ್ದರೆ?’ ಎಂಬ ಒಂದೇ ಪ್ರಶ್ನೆಯ ಸುತ್ತ ಮಾತು ನಡೆಯಲಿ.

ಪರಿಶೀಲನೆಯ ಕೌಶಲಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ ದಾರಿಯೊಂದು ಬಹಳ ಸರಳವಾಗಿದೆ. ಅನುಮಾನದ ಪುಟವನ್ನೇ ದಿಟ್ಟಿಸಿ ನೋಡುತ್ತ ಕೂರದೆ, ಅದರಿಂದ ಹೊರಬಂದು, ಅದನ್ನು ಬರೆದವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ಹುಡುಕುವುದೇ ಆ ದಾರಿ. ವೃತ್ತಿಪರ ಸತ್ಯಪರಿಶೋಧಕರು ಮಾಡುವುದು ಇದನ್ನೇ ಎಂದು ಅವರು ಕಂಡುಕೊಂಡರು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಘಟಕವು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ಸುದ್ದಿಗಳನ್ನಷ್ಟೇ ನೋಡುತ್ತದೆ ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು. ಊರಿನ ವದಂತಿಗೆ ಪಂಚಾಯಿತಿ ಕಚೇರಿ, ಠಾಣೆ, ಎರಡು ಮೂರು ಬೇರೆ ಬೇರೆ ದಿನಪತ್ರಿಕೆಗಳು, ಇವೇ ನಿಜವಾದ ಆಧಾರಗಳು.

ಮಕ್ಕಳ ಸಂಘದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. 2018ರಲ್ಲಿ ಆರಂಭವಾದ ಕೇರಳದ ‘ಲಿಟಲ್ ಕೈಟ್ಸ್’ ಸಂಘಗಳು ಪ್ರೌಢಶಾಲಾ ಮಕ್ಕಳೇ ತಂತ್ರಜ್ಞಾನವನ್ನು ಕಲಿತು ಇತರರಿಗೆ ಕಲಿಸಬಲ್ಲರೆಂದು ತೋರಿಸಿವೆ. ನಮ್ಮಲ್ಲಿ ಅಂತಹ ಸಂಘ ಕಟ್ಟುವುದಾದರೆ ಒಳ್ಳೆಯ ಅಂಕ ಪಡೆಯುವವರನ್ನಷ್ಟೇ ಸೇರಿಸಬೇಡಿ. ಫೋನಿನಲ್ಲಿ ಅತಿ ಹೆಚ್ಚು ಹೊತ್ತು ಕಳೆಯುವ ಹುಡುಗ, ರೀಲ್ಸ್ ಮಾಡುವ ಹುಡುಗಿ ಅದರಲ್ಲಿರಬೇಕು. ತಮ್ಮ-ತಂಗಿಯರ ವಯಸ್ಸಿನ ಮಕ್ಕಳು ಕಿವಿಗೊಡುವುದು ಅವರ ಮಾತಿಗೇ.

ಯಾವ ಶಾಲೆಗೆ ಯಾವುದು

ಕಂಪ್ಯೂಟರ್ ಕೆಟ್ಟುನಿಂತಿರುವ, ಶಿಕ್ಷಕರ ಕೊರತೆಯಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಸೂಚಿಸುವುದು ತರಗತಿ ಶಿಕ್ಷಕರೇ ನಡೆಸುವ ಸನ್ನಿವೇಶ ಚರ್ಚೆಗಳನ್ನು. ತಿಂಗಳ ಬ್ಯಾಗ್‌ರಹಿತ ದಿನವಾದ ಸಂಭ್ರಮ ಶನಿವಾರದಲ್ಲಿ ಅದಕ್ಕೆ ಒಂದು ಅವಧಿ ಸಿಕ್ಕರೂ ವರ್ಷಕ್ಕೆ ಎಂಟು ಹತ್ತು ಚರ್ಚೆಗಳಾಗುತ್ತವೆ. ಪ್ರೌಢಶಾಲೆಯಾದರೆ ವಿಷಯಗಳೊಳಗೆ ಬೆರೆಸುವುದನ್ನೇ ಮುಖ್ಯ ದಾರಿಯಾಗಿಸಿ, ಗಣಿತ, ಸಮಾಜ ವಿಜ್ಞಾನ, ಕನ್ನಡ ಶಿಕ್ಷಕರು ಜೂನ್ ತಿಂಗಳಲ್ಲಿಯೇ ಕುಳಿತು ಯಾವ ಪಾಠದಲ್ಲಿ ಏನು ಎಂದು ಬರೆದುಕೊಳ್ಳಬೇಕು, ಒಬ್ಬರು ಅದರ ಉಸ್ತುವಾರಿ ಹೊರಬೇಕು. ದಸರಾ ರಜೆಯ ನಂತರ ಸಿಇಎನ್ ಠಾಣೆಯವರನ್ನು ಕರೆಸಬಹುದು. ಲ್ಯಾಬ್ ಇರುವ ನಗರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಕಾಮನ್ ಸೆನ್ಸ್ ಪಾಠಗಳು ಬೇಗ ಹೊಂದುತ್ತವೆ, ಸಿಬಿಎಸ್‌ಇ ಕೈಪಿಡಿಯಿಂದ ಭಾರತದ ಕಾನೂನಿನ ಭಾಗವನ್ನು ಅವುಗಳಿಗೆ ಸೇರಿಸಿಕೊಳ್ಳಬೇಕು. ಒಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗಿಂತ ಮೊದಲು ಪೋಷಕರ ಸಭೆಯಲ್ಲಿ ಮಾತಾಡುವುದೇ ಹೆಚ್ಚು ಫಲಕಾರಿ.

ಯಾವ ದಾರಿ ಹಿಡಿದರೂ ಪಾಠ ಆರಂಭವಾಗುವ ಮುನ್ನ ಶಾಲೆಯಲ್ಲಿ ಒಂದು ಸಿದ್ಧತೆ ಆಗಿರಲೇಬೇಕು, ಏಕೆಂದರೆ ಪಾಠ ಚೆನ್ನಾಗಿ ನಡೆದರೆ ಮಕ್ಕಳು ಹೇಳಿಕೊಳ್ಳಲು ಬಂದೇ ಬರುತ್ತಾರೆ. ಮಕ್ಕಳ ಲೈಂಗಿಕ ಶೋಷಣೆಯ ವಿಷಯ ತಿಳಿದವರು ಅದನ್ನು ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮು ಹೇಳುತ್ತದೆ. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ಶಿಕ್ಷಕರು ಮಗುವಿಗೆ ಮಾತು ಕೊಡಬಾರದು. ‘ನಿನ್ನನ್ನು ಒಂಟಿಯಾಗಿ ಬಿಡುವುದಿಲ್ಲ’ ಎಂದು ಮಾತು ಕೊಡಬಹುದು. ಮಗುವಿನ ಅಶ್ಲೀಲ ಚಿತ್ರವನ್ನು ಸಾಕ್ಷ್ಯಕ್ಕೆಂದಾದರೂ ಶಿಕ್ಷಕರು ತಮ್ಮ ಫೋನಿಗೆ ತರಿಸಿಕೊಳ್ಳಬಾರದು. ಅಂತಹ ಚಿತ್ರವನ್ನು ಇಟ್ಟುಕೊಳ್ಳುವುದು ಮತ್ತು ಕಳಿಸುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಗಂಭೀರ ಅಪರಾಧ. ಖಾತೆಯ ಹೆಸರು, ಕೊಂಡಿ, ದಿನ ಮತ್ತು ವೇಳೆಯನ್ನು ಕಾಗದದಲ್ಲಿ ಬರೆದುಕೊಂಡು 1098 ಮಕ್ಕಳ ಸಹಾಯವಾಣಿಗೆ ಅಥವಾ ಪೊಲೀಸರಿಗೆ ತಿಳಿಸಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ದಾಖಲಿಸಬಹುದು. 18 ವರ್ಷದೊಳಗೆ ತೆಗೆದ ಖಾಸಗಿ ಚಿತ್ರಗಳು ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅದು ಚಿತ್ರವನ್ನು ಪಡೆಯದೆ, ಫೋನಿನಲ್ಲಿಯೇ ಅದರ ಗುರುತಿನ ಸಂಕೇತವೊಂದನ್ನು ತಯಾರಿಸಿ, ತನ್ನೊಡನೆ ಕೈಜೋಡಿಸಿರುವ ಜಾಲತಾಣಗಳಿಗೆ ಒದಗಿಸುತ್ತದೆ.

ಶಾಲೆ ತನ್ನ ನಡವಳಿಕೆಯನ್ನೂ ನೋಡಿಕೊಳ್ಳಬೇಕು. ಎಲ್ಲ ಮಕ್ಕಳ ಅಂಕಪಟ್ಟಿಯನ್ನು ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ, ಮಕ್ಕಳ ಫೋಟೊಗಳನ್ನು ಕೇಳದೆ ಫೇಸ್‌ಬುಕ್ಕಿಗೆ ಏರಿಸುವ ಶಾಲೆಯಲ್ಲಿ ಖಾಸಗಿತನದ ಪಾಠಕ್ಕೆ ಬೆಲೆ ಬರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಪೋಷಕರ ಒಪ್ಪಿಗೆ ಪಡೆದ ಮೇಲೂ ‘ನಿನ್ನ ಫೋಟೊ ಹಾಕಲೇ?’ ಎಂದು ಮಗುವನ್ನೇ ಒಮ್ಮೆ ಕೇಳುವುದು ಎಲ್ಲ ಪಾಠಗಳಿಗಿಂತ ದೊಡ್ಡ ಪಾಠ.

ಆಯ್ಕೆ ಸರಿಯಾಯಿತೇ ಎಂದು ತಿಳಿಯಲು ವರ್ಷದ ಕೊನೆಯಲ್ಲಿ ಬಹುಆಯ್ಕೆಯ ಪ್ರಶ್ನೆಪತ್ರಿಕೆ ಕೊಡುವುದು ಸಾಲದು, ಪಾಸ್‌ವರ್ಡ್ ಹಂಚಬಾರದೆಂದು ಗುರುತು ಹಾಕಲು ಎಲ್ಲರಿಗೂ ಬರುತ್ತದೆ. ಮಕ್ಕಳು ಮೊದಲು ಕಾಣದ ಒಂದು ಫಾರ್ವರ್ಡ್ ಸಂದೇಶವನ್ನು ಕೊಟ್ಟು, ಅದು ನಿಜವೇ ಎಂದು ತಿಳಿಯಲು ಏನೇನು ಮಾಡಿದಿರಿ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಸಿ, ಅದನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿಯೂ ಬಳಸಬಹುದು. ಜೂನ್ ತಿಂಗಳಲ್ಲಿ ತುಂಬಿಸಿದ ಚೀಟಿಯ ಕೊನೆಯ ಪ್ರಶ್ನೆಯನ್ನು, ಅಂದರೆ ಬೇಸರವಾದಾಗ ಯಾರಿಗೆ ಹೇಳಿದಿರಿ ಎಂಬುದನ್ನು, ಮಾರ್ಚಿಯಲ್ಲಿ ಮತ್ತೆ ಕೇಳಬೇಕು. ‘ಯಾರಿಗೂ ಇಲ್ಲ’ ಎಂಬ ಉತ್ತರಗಳು ಕಡಿಮೆಯಾಗಿದ್ದರೆ ದಾರಿ ಸರಿಯಿದೆ. ಮೊದಲ ವರ್ಷ ಶಾಲೆಗೆ ಬರುವ ದೂರುಗಳು ಬಹುಶಃ ಹೆಚ್ಚುತ್ತವೆ. ಅದನ್ನು ಶಾಲೆಯ ಹೆಸರಿಗೆ ಬಂದ ಕಳಂಕವೆಂದು ಯಾರೂ ಭಾವಿಸದಂತೆ, ಮುಖ್ಯ ಶಿಕ್ಷಕರು ಎಸ್‌ಡಿಎಂಸಿ ಸಭೆಯಲ್ಲಿ ವರ್ಷದ ಆರಂಭದಲ್ಲಿಯೇ ಈ ಮಾತನ್ನು ವಿವರಿಸಿ ನಡಾವಳಿಯಲ್ಲಿ ಬರೆಸಿಡುವುದು ಒಳಿತು.